ತಿರುವು ಇದೆ ಅಂದರೂ ಗುಟ್ಟು ಹೇಳಿದ ಹಾಗೆಯೇ

ಪ್ರಶ್ನೆ: ನಾನು ಶಿರಸಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಪತ್ತೇದಾರಿ ಕಾದಂಬರಿ ಅಂದರೆ ಮೊದಲಿಂದಲೂ ಹುಚ್ಚು. ಒಂದು ವರ್ಷದಿಂದ ಹೊಸದಾಗಿ ಬಂದ ಪುಸ್ತಕಗಳ ಬಗ್ಗೆ ವಿಮರ್ಶೆ ಬರೆಯುತ್ತಿದ್ದೇನೆ. ಕಳೆದ ತಿಂಗಳು ಒಬ್ಬ ಲೇಖಕರು ಫೋನ್ ಮಾಡಿ, "ನನ್ನ ಪುಸ್ತಕದ ಗುಟ್ಟು ಬಿಟ್ಟುಕೊಟ್ಟಿರಲ್ಲ ಮಾರಾಯ್ರೆ" ಅಂತ ಬೇಸರ ಮಾಡಿಕೊಂಡರು. ಕೊಲೆಗಾರನ ಹೆಸರನ್ನು ನಾನು ಎತ್ತಿಯೇ ಇರಲಿಲ್ಲ. "ಕೊನೆಯಲ್ಲಿ ಯಾರೂ ಊಹಿಸದ ತಿರುವು ಇದೆ" ಎಂದಷ್ಟೇ ಬರೆದಿದ್ದೆ. ಅದೂ ತಪ್ಪಾ? ಕಥೆ ಹೇಳಬಾರದು, ಕೊನೆ ಹೇಳಬಾರದು ಅಂದರೆ ಬರೆಯುವುದಾದರೂ ಏನನ್ನು? ಕೊನೆಯೇ ಕೆಟ್ಟದಾಗಿದ್ದರೆ ಅದನ್ನು ಹೇಗೆ ಹೇಳುವುದು? ಗೆಳೆಯರ ಪುಸ್ತಕ ಕೈಗೆ ಬಂದರೆ?

ಉತ್ತರ: ನಿಮಗೆ ಬೇಸರವಾಗಬಹುದು, ಆದರೆ ಆ ಲೇಖಕರು ಹೇಳಿದ್ದು ಸರಿ. ತಿರುವು ಇದೆ ಅಂತ ಹೇಳುವುದೂ ಗುಟ್ಟು ಹೇಳಿದ ಹಾಗೆಯೇ.

ಓದುಗರ ಕಡೆಯಿಂದ ನೋಡಿ. ನಿಮ್ಮ ವಿಮರ್ಶೆ ಓದಿ ಒಬ್ಬರು ಪುಸ್ತಕ ಕೊಂಡರು. ನೂರ ಎಂಬತ್ತನೇ ಪುಟದಲ್ಲಿ ಪೊಲೀಸರು ಒಬ್ಬನನ್ನು ಹಿಡಿದರು. ಸಾಕ್ಷಿ ಎಲ್ಲ ಸರಿಯಾಗಿದೆ. ಅವನೇ ಕೊಲೆಗಾರ ಅಂತ ಓದುಗ ನಂಬಬೇಕು, ಲೇಖಕರು ಅದಕ್ಕೇ ಅಷ್ಟು ಕಷ್ಟಪಟ್ಟಿದ್ದಾರೆ. ಆದರೆ ನಿಮ್ಮ ಓದುಗ ನಂಬುವುದಿಲ್ಲ. ಕೈಯಲ್ಲಿ ಇನ್ನೂ ನಲವತ್ತು ಪುಟ ಇದೆ, ತಿರುವು ಬಂದಿಲ್ಲ, ಅಂದ ಮೇಲೆ ಇವನಲ್ಲ ಅಂತ ಲೆಕ್ಕ ಹಾಕಿಬಿಡುತ್ತಾನೆ. ಕೊಲೆಗಾರನ ಹೆಸರು ಹೇಳದೆಯೇ ನೀವು ಒಬ್ಬನನ್ನು ಬಿಡುಗಡೆ ಮಾಡಿದಿರಿ.

ಇದಕ್ಕಿಂತ ನಯವಾಗಿ ಗುಟ್ಟು ಬಿಟ್ಟುಕೊಡುವ ದಾರಿಗಳೂ ಇವೆ. ಅದರಲ್ಲೊಂದನ್ನು ನಾನೇ ಕಂಡುಹಿಡಿದೆ ಅನ್ನಬೇಕು. ವಿಮರ್ಶೆ ಬರೆಯಲು ಶುರು ಮಾಡಿದ ಹೊಸತರಲ್ಲಿ ಕಾಫಿ ತೋಟದಲ್ಲಿ ನಡೆಯುವ ಒಂದು ಕಾದಂಬರಿ ಬಂದಿತ್ತು. "ತೋಟದ ರೈಟರ್ ಪಾತ್ರ ಕೆಲವೇ ಪುಟಗಳಲ್ಲಿ ಬಂದರೂ ಬಹಳ ಚೆನ್ನಾಗಿದೆ" ಅಂತ ಮನಸಾರೆ ಹೊಗಳಿ ಬರೆದೆ. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವನು. ಹದಿನೈದು ದಿನಕ್ಕೆ ಬಾಳೆಹೊನ್ನೂರಿನ ಕಡೆಯಿಂದ ಒಂದು ಕಾರ್ಡು ಬಂತು. "ಸ್ವಾಮಿ, ಧಣಿಗಳು, ಮಗ, ಸೊಸೆ, ಡಾಕ್ಟ್ರು ಎಲ್ಲರನ್ನೂ ಬಿಟ್ಟು ಆ ರೈಟರನ್ನೇ ಯಾಕೆ ಹೊಗಳಿದ್ರಿ ಅಂತ ಯೋಚನೆ ಮಾಡ್ತಾ ಪುಸ್ತಕ ಹಿಡಿದೆ. ಅವನು ಬಂದ ತಕ್ಷಣ ಗೊತ್ತಾಯಿತು." ಅಷ್ಟೇ ಇದ್ದದ್ದು. ಸಹಿ ಕೂಡ ಇರಲಿಲ್ಲ.

ಆ ಕಾರ್ಡಿನಿಂದ ಕಲಿತದ್ದನ್ನು ಇವತ್ತಿಗೂ ಪಾಲಿಸುತ್ತೇನೆ. ಐನೂರು ಪದದ ವಿಮರ್ಶೆಯಲ್ಲಿ ಒಂದು ಸಣ್ಣ ಪಾತ್ರದ ಹೆಸರು ಬಂದರೆ, ಅದು ಬಂದದ್ದಕ್ಕೆ ಓದುಗ ಕಾರಣ ಹುಡುಕುತ್ತಾನೆ. ಪತ್ತೇದಾರಿ ಓದುಗ ನಮ್ಮ ವಿಮರ್ಶೆಯನ್ನೂ ಪತ್ತೇದಾರಿಯ ಹಾಗೇ ಓದುತ್ತಾನೆ. ಆದ್ದರಿಂದ ಮೊದಲ ಕಾಲುಭಾಗದಲ್ಲಿ ಯಾರಿಗೆ ಮಹತ್ವ ಇದೆಯೋ ಅವರ ಹೆಸರು ಮಾತ್ರ ಹೇಳಿ. ಕಥೆಯನ್ನೂ ಅಲ್ಲಿಗೇ ನಿಲ್ಲಿಸಿ. ಎರಡನೇ ಕೊಲೆ ಅರ್ಧದಲ್ಲಿ ಆಗುವುದಾದರೆ ಅದರ ಸುದ್ದಿ ಬೇಡ. "ಅವಳ ಅಭಿನಯ ಅದ್ಭುತ", "ಸತ್ತವನ ಪಾತ್ರ ಕೊನೆವರೆಗೂ ಕಾಡುತ್ತದೆ" ಅನ್ನುವಂಥ ಸಾಲುಗಳನ್ನು ಎರಡು ಸಲ ಓದಿ ನೋಡಿ. ಮೊದಲನೆಯದರಲ್ಲಿ ಅವಳು ನಾಟಕ ಆಡುತ್ತಿದ್ದಾಳೆ ಅಂತ ಹೇಳಿಬಿಟ್ಟಿರುತ್ತೀರಿ. ಎರಡನೆಯದು ಓದಿದವರು, ಸತ್ತವನು ನಿಜಕ್ಕೂ ಸತ್ತಿದ್ದಾನಾ ಅಂತ ಅನುಮಾನ ಪಡುತ್ತಾರೆ.

ಹಿಂಬದಿಯ ರಕ್ಷಾಪುಟದಲ್ಲಿ ಪ್ರಕಾಶಕರೇ ಅರ್ಧ ಕಥೆ ಅಚ್ಚು ಹಾಕಿರುತ್ತಾರೆ, ಅದು ಬೇರೆ ಮಾತು. ನಾನು ಅದಕ್ಕೆ ಹಳೇ ಪೇಪರಿನ ಹೊದಿಕೆ ಹಾಕಿಯೇ ಓದಲು ಕೂರುತ್ತೇನೆ. ಮನೆಯಲ್ಲಿ ನಗುತ್ತಾರೆ.

ಸರಿ, ಏನು ಬರೆಯಬೇಕು? ಆ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ: ಪುಸ್ತಕವನ್ನು ಎರಡು ಸಲ ಓದಿ, ಎರಡನೇ ಓದಿನ ವಿಮರ್ಶೆ ಬರೆಯಿರಿ. ಬೇರೆ ಬಗೆಯ ಕಾದಂಬರಿಗೆ ಇದು ಒಳ್ಳೆಯ ಅಭ್ಯಾಸ ಅಷ್ಟೆ. ಪತ್ತೇದಾರಿಗೆ ಮಾತ್ರ ಇದಿಲ್ಲದೆ ಆಗುವುದಿಲ್ಲ. ಮೊದಲ ಓದಿನಲ್ಲಿ ನೀವು ಮೋಸ ಹೋಗಿರುತ್ತೀರಿ, ಹೋಗಬೇಕು ಕೂಡ. ಮೋಸ ಮಾಡಿದ್ದು ಜಾಣತನದಿಂದಲೋ ಕಳ್ಳತನದಿಂದಲೋ ಅನ್ನುವುದು ಎರಡನೇ ಸಲ ಓದಿದಾಗಲೇ ಗೊತ್ತಾಗುವುದು.

ನಾನು ಮಾಡುವುದು ಹೀಗೆ. ಮೊದಲ ಓದಿಗೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಯಾರ ಮೇಲೆ ಅನುಮಾನ ಬಂತು, ಯಾವ ಪುಟದಲ್ಲಿ ಬಂತು, ಅಷ್ಟನ್ನೇ ಬರೆಯುವುದು. "ಪುಟ 61, ಭಾವ. ಪುಟ 88, ಭಾವ ಅಲ್ಲ, ಡಾಕ್ಟ್ರು. ಪುಟ 140, ಮತ್ತೆ ಭಾವನೇ." ಪುಸ್ತಕ ಮುಗಿದ ಮೇಲೆ ಈ ಪಟ್ಟಿ ನೋಡಿದರೆ ಲೇಖಕರು ನಿಮ್ಮನ್ನು ಎಲ್ಲೆಲ್ಲಿ ಕೈ ಹಿಡಿದು ನಡೆಸಿದರು ಅಂತ ತಿಳಿಯುತ್ತದೆ. ಅನುಮಾನ ಅರವತ್ತನೇ ಪುಟದಿಂದ ಕೊನೆಯವರೆಗೆ ಒಬ್ಬನ ಮೇಲೇ ಕೂತಿದ್ದು, ಅವನೇ ಕೊಲೆಗಾರನಾಗಿದ್ದರೆ, ಲೇಖಕರು ದಾರಿ ತಪ್ಪಿಸುವ ಕೆಲಸವನ್ನೇ ಮಾಡಿಲ್ಲ ಅಂತ ಅರ್ಥ. ಯಾರ ಮೇಲೂ ಅನುಮಾನ ಬರದಿದ್ದರೆ ಇನ್ನೂ ಕಷ್ಟ. ಅಲ್ಲಿ ಬರೇ ಹೆಸರುಗಳಿವೆ, ಮನುಷ್ಯರಿಲ್ಲ.

ಆಮೇಲೆ ಕೊನೆಯ ಅಧ್ಯಾಯಕ್ಕೆ ಹೋಗಿ ಪತ್ತೇದಾರ ಕೊಡುವ ಕಾರಣಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತೇನೆ. ಸಾಮಾನ್ಯವಾಗಿ ಆರೇಳು ಇರುತ್ತವೆ. ಪ್ರತಿಯೊಂದೂ ಮುಂಚೆ ಎಲ್ಲಿ ಬಂದಿತ್ತು ಅಂತ ಹಿಂದೆ ಹೋಗಿ ಹುಡುಕುವುದು. ಈ ಕೆಲಸದ ನಿಜವಾದ ಮಜಾ ಇರುವುದು ಇಲ್ಲೇ. ಒಳ್ಳೆಯ ಲೇಖಕ ಸುಳಿವನ್ನು ಬಚ್ಚಿಡುವುದಿಲ್ಲ, ಕಣ್ಣೆದುರೇ ಇಟ್ಟು ಪಕ್ಕದಲ್ಲಿ ಗಲಾಟೆ ಎಬ್ಬಿಸುತ್ತಾನೆ. "ಇವತ್ತು ಹಾಲಿನವನು ಬೇಗ ಬಂದಿದ್ದ" ಅಂತ ಅಜ್ಜಿ ಹೇಳುತ್ತಾಳೆ. ಮರು ಸಾಲಿನಲ್ಲೇ ಅಣ್ಣತಮ್ಮಂದಿರ ಆಸ್ತಿ ಜಗಳ ಶುರುವಾಗುತ್ತದೆ. ಓದುಗ ಜಗಳದ ಹಿಂದೆ ಓಡುತ್ತಾನೆ, ಹಾಲಿನವನು ಮರೆತುಹೋಗುತ್ತಾನೆ. ಎರಡನೇ ಓದಿನಲ್ಲಿ ಆ ಸಾಲು ಸಿಕ್ಕಾಗ ಹಣೆ ಚಚ್ಚಿಕೊಳ್ಳುವ ಹಾಗಾಗಬೇಕು. ಹಾಗಾದರೆ ಆ ಪುಸ್ತಕಕ್ಕೆ ಪೂರ್ತಿ ಅಂಕ.

ಸಿಗದಿದ್ದರೆ? "ನಿನ್ನೆ ನಾನು ಮಂಗಳೂರಿಗೆ ಫೋನ್ ಮಾಡಿ ವಿಚಾರಿಸಿದೆ, ಆಗಲೇ ಗೊತ್ತಾಯಿತು" ಅಂತ ಇನ್‌ಸ್ಪೆಕ್ಟರ್ ಕೊನೆಯ ಪುಟದಲ್ಲಿ ಹೇಳಿದರೆ, ಆ ಫೋನ್ ಮಾಡಿದ್ದು ನಮಗೆ ಗೊತ್ತೇ ಇರಲಿಲ್ಲವಲ್ಲ? ಅದು ಆಟ ಮುಗಿದ ಮೇಲೆ ಜೇಬಿನಿಂದ ಇಸ್ಪೀಟ್ ಎಲೆ ತೆಗೆದ ಹಾಗೆ. ವಿಮರ್ಶೆಯಲ್ಲಿ ಇದನ್ನು ಹೇಳಲೇಬೇಕು.

ಇನ್ನೊಂದು ಪರೀಕ್ಷೆ ಇದೆ. ಹೊಸ ಕಾದಂಬರಿಗಳಲ್ಲಿ ಒಂದೊಂದು ಅಧ್ಯಾಯ ಒಬ್ಬೊಬ್ಬರ ಮನಸ್ಸಿನೊಳಗಿಂದ ನಡೆಯುವುದು ಜಾಸ್ತಿ. ಕೊಲೆಗಾರನ ಅಧ್ಯಾಯವೂ ಇರುತ್ತದೆ. ಹೆಣ ಸಿಕ್ಕಿದ ಸುದ್ದಿ ಬಂದಾಗ ಅವನ ಮನಸ್ಸಿನಲ್ಲಿ "ಅಯ್ಯೋ, ಯಾರು ಕೊಂದಿರಬಹುದು?" ಅನ್ನುವ ಸಾಲು ಇದ್ದರೆ ಅದು ಶುದ್ಧ ಸುಳ್ಳು. ಒಬ್ಬನೇ ಇರುವಾಗ ಯಾರೂ ತನಗೆ ತಾನೇ ನಾಟಕ ಆಡುವುದಿಲ್ಲ. ಅದೇ ಜಾಗದಲ್ಲಿ "ಅವನ ಕೈ ನಡುಗಿತು. ಇಷ್ಟು ಬೇಗ ಹೀಗಾಗುತ್ತದೆ ಅಂದುಕೊಂಡಿರಲಿಲ್ಲ" ಎಂದು ಬರೆದಿದ್ದರೆ ನೋಡಿ, ಮೊದಲ ಓದಿಗೆ ಒಂದು ಅರ್ಥ, ಎರಡನೇ ಓದಿಗೆ ಇನ್ನೊಂದು ಅರ್ಥ, ಎರಡೂ ನಿಜ. ಹೀಗೆ ಬರೆಯಬಲ್ಲವರು ಕಡಿಮೆ. ಸಿಕ್ಕಾಗ ಬಾಯಿ ತುಂಬಾ ಹೊಗಳಿ. ಆದರೆ ಯಾವ ಸಾಲು ಅಂತ ತೋರಿಸಬೇಡಿ.

ಈ ನ್ಯಾಯ ಅನ್ಯಾಯದ ಜಗಳ ಹೊಸದೇನಲ್ಲ. 1926ರಲ್ಲಿ ಅಗಾಥಾ ಕ್ರಿಸ್ಟಿ ರೋಜರ್ ಆಕ್ರಾಯ್ಡ್ ಎಂಬವನ ಕೊಲೆಯ ಕಾದಂಬರಿ ಬರೆದಾಗ ಇಂಗ್ಲೆಂಡಿನ ಕೆಲವು ಓದುಗರು ಇದು ಮೋಸ ಅಂತ ಸಿಟ್ಟಾದರು. ಅದೇ ದೇಶದ ಇನ್ನೊಬ್ಬ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು. ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ ಎಂಬುದು ಅವರ ವಾದ. ಕ್ರಿಸ್ಟಿ ಆ ಪುಸ್ತಕದಲ್ಲಿ ಮಾಡಿದ್ದೇನು? ಹೇಳುವುದಿಲ್ಲ. ನೂರು ವರ್ಷದ ಹತ್ತಿರ ಬಂದರೂ ಅದನ್ನು ಇನ್ನೂ ಓದದ ಯಾರೋ ಒಬ್ಬರು ಈ ಸಾಲು ಓದುತ್ತಿರಬಹುದು. ಕ್ರಿಸ್ಟಿಯವರದೇ ನಾಟಕವೊಂದು 1952ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಪ್ರತಿ ಆಟ ಮುಗಿದ ಮೇಲೆ ನಟರೇ ಮುಂದೆ ಬಂದು ಗುಟ್ಟು ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿ ಅಲ್ಲಿದೆ. ವಿಮರ್ಶಕನೂ ಆ ಪ್ರೇಕ್ಷಕರಲ್ಲಿ ಒಬ್ಬ.

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದರು. ಕೊಲೆಗಾರ ಕಥೆಯ ಆರಂಭದ ಹೊತ್ತಿಗೇ ಬಂದಿರಬೇಕು, ಪತ್ತೇದಾರನೇ ಅಪರಾಧ ಮಾಡಬಾರದು, ಅವನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು, ಹೀಗೆ. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ಎಸ್.ಎಸ್. ವ್ಯಾನ್ ಡೈನ್ ಇಪ್ಪತ್ತು ಕಟ್ಟಳೆ ಬರೆದಿದ್ದರು. ಇವನ್ನೆಲ್ಲ ಕಾನೂನು ಅಂದುಕೊಂಡು ಹೊಸ ಪುಸ್ತಕದ ಮೇಲೆ ಕೇಸು ಹಾಕಬೇಡಿ. ಒಳ್ಳೊಳ್ಳೆಯ ಲೇಖಕರೆಲ್ಲ ಯಾವುದಾದರೊಂದನ್ನು ಮುರಿದಿದ್ದಾರೆ. ಆದರೆ ಮುರಿಯುತ್ತಿರುವುದು ಗೊತ್ತಿದ್ದು ಮುರಿದರಾ, ಗೊತ್ತಿಲ್ಲದೆಯಾ? ಅಷ್ಟನ್ನು ಕೇಳಬಹುದು.

ಇದೆಲ್ಲ ಹೇಳುವಾಗ ಒಂದು ಎಚ್ಚರ. ಹಾಲನ್ನು ಮೊಳದಲ್ಲಿ ಅಳೆಯೋಕಾಗುತ್ತಾ? ಕೊಲೆಗಾರ ಯಾರು ಅಂತ ಮೊದಲ ಪುಟದಲ್ಲೇ ಹೇಳಿ, ಹೇಗೆ ಸಿಕ್ಕಿಬೀಳುತ್ತಾನೆ ಅಂತ ಕಾಯಿಸುವ ಕಥೆಗಳಿವೆ. ಆಸ್ಟಿನ್ ಫ್ರೀಮನ್ 1912ರಲ್ಲೇ ಅಂಥ ಕಥೆಗಳ ಸಂಕಲನ ತಂದಿದ್ದರು. ಅಲ್ಲಿ ಸುಳಿವು ಹುಡುಕಿಕೊಂಡು ಕೂತರೆ ನಗೆಪಾಟಲು. ಥ್ರಿಲ್ಲರಿಗೆ ವೇಗ, ಅಪಾಯ ಮುಖ್ಯ. ಪೊಲೀಸ್ ಕಥೆಗೆ ಠಾಣೆಯ ವಾಸನೆ ಬರಬೇಕು. ಲೇಖಕರು ಯಾವ ಆಟ ಆಡಲು ಕೂತಿದ್ದಾರೆ ಅಂತ ಮೊದಲು ಹೇಳಿ, ಆಮೇಲೆ ಆಟದ ಬಗ್ಗೆ ಮಾತಾಡಿ. ಓದುಗನಿಗೆ ಬೇಕಾದದ್ದೂ ಅದೇ: ಇದು ನನ್ನ ಬಗೆಯ ಪುಸ್ತಕ ಹೌದೋ ಅಲ್ಲವೋ?

ಠಾಣೆಯ ಮಾತು ಬಂತಲ್ಲ, ನೀವು ಬ್ಯಾಂಕಿನವರು, ಲೆಕ್ಕ ತಾಳೆ ನೋಡುವುದು ಅಭ್ಯಾಸ ಇರುತ್ತದೆ. ಅದನ್ನು ಇಲ್ಲಿ ಬಳಸಿ. ಈಚಿನ ಕನ್ನಡ ಅಪರಾಧ ಕಥೆಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೆಕ್ಷನ್ 302. 2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆ ಈಗ ಸೆಕ್ಷನ್ 103ರಲ್ಲಿದೆ. ಹೊಸ ಸಂಹಿತೆಯಲ್ಲಿ 302 ಅಂದರೆ ಧಾರ್ಮಿಕ ಭಾವನೆಗೆ ನೋವು ಮಾಡಲೆಂದೇ ಮಾತಾಡುವುದು. ಆದ್ದರಿಂದ 2025ರಲ್ಲಿ ನಡೆದ ಕೊಲೆಗೆ ಪಿಎಸ್‌ಐ ಗತ್ತಿನಿಂದ "ತ್ರೀ ನಾಟ್ ಟೂ ಹಾಕಿ ಒಳಗೆ ತಳ್ತೀನಿ" ಅಂದರೆ, ಪಾಪ, ಕೊಲೆಗಾರ ಬೈದದ್ದಕ್ಕೆ ಜೈಲಿಗೆ ಹೋಗುತ್ತಾನೆ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಕೊಲೆಯಾದರೆ ಹಳೆಯ ಸೆಕ್ಷನ್ನೇ ಸರಿ. ಕಥೆ ಯಾವ ತಿಂಗಳಲ್ಲಿ ನಡೆಯುತ್ತದೆ ಅಂತ ನೋಡಿಕೊಳ್ಳದೆ ತಪ್ಪು ಹೊರಿಸಬೇಡಿ.

ಹುದ್ದೆಗಳೂ ಹಾಗೇ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ಊರುಗಳಲ್ಲಿ ಎಸಿಪಿ ಇರುತ್ತಾರೆ. ನಿಮ್ಮ ಶಿರಸಿಯಲ್ಲಿ ಡಿವೈಎಸ್‌ಪಿ. ಮಲೆನಾಡಿನ ಹಳ್ಳಿಯ ಕೊಲೆಗೆ ಎಸಿಪಿ ಜೀಪಿನಿಂದ ಇಳಿದರೆ ಲೇಖಕರು ಸಿನಿಮಾ ನೋಡಿ ಬರೆದಿದ್ದಾರೆ ಅಂತ ಗೊತ್ತಾಗುತ್ತದೆ.

ಇವೆಲ್ಲ ಸಣ್ಣ ತಪ್ಪು, ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದು. ಕಥೆಯೇ ಅದರ ಮೇಲೆ ನಿಂತಿದ್ದರೆ ಮಾತ್ರ ಬಿಡಬೇಡಿ. ಆರೋಪಿ ಠಾಣೆಯಲ್ಲಿ ಅತ್ತುಕೊಂಡು ಎಲ್ಲ ಒಪ್ಪಿಕೊಂಡ, ಕೇಸು ಮುಗಿಯಿತು, ಇನ್‌ಸ್ಪೆಕ್ಟರ್ ಟೀ ಕುಡಿದರು ಅಂತ ಎಷ್ಟು ಕಾದಂಬರಿ ಮುಗಿಯುವುದಿಲ್ಲ! ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಹಳೆಯ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗಿತ್ತು, ಹೊಸದರಲ್ಲೂ ಹಾಗೇ ಇದೆ. ಕತ್ತಿಯನ್ನು ಬಾವಿಗೆ ಎಸೆದೆ ಅಂತ ಅವನು ಹೇಳಿ, ಪೊಲೀಸರು ಹೋಗಿ ಬಾವಿಯಿಂದ ಕತ್ತಿ ತೆಗೆದರೆ, ಅಷ್ಟು ಭಾಗಕ್ಕೆ ಬೆಲೆ ಉಂಟು. ಬಾವಿ, ಕತ್ತಿ, ಸಾಕ್ಷಿಗೆ ನಿಂತ ಪಂಚರು, ಅವರು ಸಹಿ ಹಾಕುವ ಮಹಜರು, ಅದರಲ್ಲೊಂದು ಚೆಂದದ ಅಧ್ಯಾಯವೇ ಇದೆ. ಲೇಖಕರು ಅದನ್ನು ಬಿಟ್ಟು ಕಣ್ಣೀರಿಗೆ ಹೋಗಿದ್ದು ಅವರಿಗೇ ನಷ್ಟ. ನಾರ್ಕೋ ಪರೀಕ್ಷೆಯ ಕಥೆಯೂ ಇದೇ. 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲಿ, ನಮ್ಮದೇ ರಾಜ್ಯದ ಹೆಸರಿನಲ್ಲಿ. ಒಪ್ಪಿಗೆ ಇಲ್ಲದೆ ಯಾರಿಗೂ ನಾರ್ಕೋ ಮಾಡುವಂತಿಲ್ಲ. ಆದರೂ ನಮ್ಮ ಕಥೆಗಳಲ್ಲಿ ಇನ್‌ಸ್ಪೆಕ್ಟರ್ ಬೇಕೆಂದಾಗ ಸೂಜಿ ಚುಚ್ಚಿಸುತ್ತಾರೆ.

ವಿಷದ ವಿಷಯ ಕೇಳಲೇಬೇಡಿ. ಅಡಿಕೆ ತೋಟದ ಕಾದಂಬರಿ ಅಂದಮೇಲೆ ಮೈಲುತುತ್ತ ಬಂದೇ ಬರುತ್ತದೆ. ಒಂದು ಕಥೆಯಲ್ಲಿ ಅದನ್ನು ಹಾಲಿನಲ್ಲಿ ಬೆರೆಸಿ ಕೊಡುತ್ತಾರೆ, ಕುಡಿದವನಿಗೆ ಏನೂ ಗೊತ್ತಾಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಅದರಿಂದ ಬೋರ್ಡೋ ದ್ರಾವಣ ಮಾಡಿದ ಯಾರನ್ನಾದರೂ ಕೇಳಿ. ಆ ನೀಲಿ ಬಣ್ಣ, ನಾಲಿಗೆಗೆ ಹಿಡಿಯುವ ಆ ಲೋಹದ ರುಚಿ, ಹೊಟ್ಟೆಗೆ ಹೋದರೆ ಬರುವ ವಾಂತಿ, ಇದಕ್ಕಿಂತ ಗಲಾಟೆಯ ವಿಷ ಇನ್ನೊಂದಿಲ್ಲ. ಆ ಕಾದಂಬರಿ ನಿಂತದ್ದೇ ಆ ಲೋಟದ ಮೇಲೆ. ವಿಮರ್ಶೆಯಲ್ಲಿ ನಾನು "ಕೊಲೆಯ ವಿಧಾನವನ್ನು ತೋಟದವರು ಒಪ್ಪಲಾರರು" ಎಂದಷ್ಟೇ ಬರೆದೆ. ಗುಟ್ಟೂ ಉಳಿಯಿತು, ಮಾತೂ ಮುಟ್ಟಿತು.

ನೀವು ಕೇಳಿದ್ದಕ್ಕೆ ಉತ್ತರ ಇದರಲ್ಲೇ ಇದೆ. ಕೊನೆ ಕೆಟ್ಟದಾಗಿದ್ದರೆ ಏನು ಕೆಟ್ಟಿತು ಅಂತ ಹೇಳಬಹುದು, ಏನಾಯಿತು ಅಂತ ಹೇಳುವ ಅಗತ್ಯ ಇಲ್ಲ. "ಕೊನೆಯ ಅಧ್ಯಾಯಕ್ಕೆ ಬೇಕಾದ ಒಂದು ಮುಖ್ಯ ಸಂಗತಿ ಅದಕ್ಕೂ ಮುಂಚೆ ಎಲ್ಲೂ ಬಂದಿಲ್ಲ." "ಕೊಲೆ ಮಾಡಲು ಕೊಟ್ಟ ಕಾರಣ ಆ ಪಾತ್ರದ ಸ್ವಭಾವಕ್ಕೆ ಹೊಂದುವುದಿಲ್ಲ." "ಕಾಕತಾಳೀಯ ಒಂದು ಸಲ ಆದರೆ ಒಪ್ಪಬಹುದಿತ್ತು, ಇಲ್ಲಿ ಮೂರು ಸಲ ಆಗುತ್ತದೆ." ಇಂಥ ಸಾಲಿನಿಂದ ಯಾರಿಗೂ ಕೊಲೆಗಾರ ಸಿಗುವುದಿಲ್ಲ. ಪುಸ್ತಕ ಓದಿದವರಿಗೆ ಮಾತ್ರ ನೀವು ಎಲ್ಲಿ ಬೆರಳಿಟ್ಟಿರಿ ಅಂತ ಗೊತ್ತಾಗುತ್ತದೆ. ಪೂರ್ತಿ ಬಿಡಿಸಿ ಬರೆಯಲೇಬೇಕು ಅನ್ನಿಸಿದರೆ ಬೇರೆ ಲೇಖನ ಬರೆಯಿರಿ, ಓದಿದವರಿಗೆ ಮಾತ್ರ ಅಂತ ತಲೆಬರಹದಲ್ಲೇ ಹಾಕಿ.

ಕಡಿಮೆ ಜಾಗದಲ್ಲಿ ಇಷ್ಟೆಲ್ಲ ಆಗುತ್ತಾ ಅಂದರೆ, ಆಗುತ್ತದೆ. ಸೇಯರ್ಸ್ 1933ರಿಂದ 1935ರವರೆಗೆ ಸಂಡೇ ಟೈಮ್ಸ್ ಪತ್ರಿಕೆಗೆ ಹೊಸ ಪತ್ತೇದಾರಿಗಳ ವಿಮರ್ಶೆ ಬರೆದರು. ಅಮೆರಿಕದಲ್ಲಿ ಆಂಟನಿ ಬೌಚರ್ 1951ರಿಂದ 1968ರಲ್ಲಿ ತೀರಿಕೊಳ್ಳುವವರೆಗೂ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದರು. ಒಂದು ಅಂಕಣದಲ್ಲಿ ಹಲವು ಪುಸ್ತಕ, ಒಂದೊಂದಕ್ಕೆ ನಾಲ್ಕಾರು ಸಾಲು. ಅವರ ಹೆಸರಿನಲ್ಲಿ 1970ರಿಂದ ಅಲ್ಲಿ ಅಪರಾಧ ಕಥೆಗಳ ಓದುಗರ ಸಮಾವೇಶವೇ ನಡೆಯುತ್ತಿದೆ. ವಿಮರ್ಶಕನ ಹೆಸರಿನಲ್ಲಿ ಜಾತ್ರೆ! ನಮ್ಮಲ್ಲಿ ಇದು ಕನಸಿನ ಮಾತು.

ನಮ್ಮಲ್ಲಿ ಪತ್ತೇದಾರಿಗೆ ಓದುಗರು ಯಾವತ್ತೂ ಕಡಿಮೆ ಇರಲಿಲ್ಲ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಪಠ್ಯಪುಸ್ತಕದೊಳಗೆ ಇಟ್ಟು ಓದಿದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಕೆಲವು ಪ್ರತಿಗಳಲ್ಲಿ ಕೊನೆಯ ಹಾಳೆ ಹರಿದಿರುತ್ತಿತ್ತು, ಆ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೆ ಅವರ ಪುಸ್ತಕಗಳನ್ನು ಕೂತು ವಿಮರ್ಶೆ ಮಾಡಿದವರು ಎಷ್ಟು ಜನ? ಅತ್ತ, ತೇಜಸ್ವಿಯವರ ಚಿದಂಬರ ರಹಸ್ಯದಲ್ಲಿ ಗುಮಾನಿಯ ಸಾವು, ತನಿಖೆಗೆ ಬರುವ ಅಧಿಕಾರಿ, ಊರು ತುಂಬ ಅನುಮಾನ, ಎಲ್ಲ ಇದೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಅದನ್ನು ಪತ್ತೇದಾರಿ ಅಂತ ಕರೆಯಲು ಎಲ್ಲರಿಗೂ ಸಂಕೋಚ. ಈ ಸಂಕೋಚ ಬೇರೆ ಕಡೆಯೂ ಇತ್ತು. 1945ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ದೊಡ್ಡ ವಿಮರ್ಶಕ, ಮೇಲೆ ಹೇಳಿದ ಆಕ್ರಾಯ್ಡನನ್ನು ಯಾರು ಕೊಂದರೆ ಯಾರಿಗೇನು ಅಂತಲೇ ತಲೆಬರಹ ಕೊಟ್ಟು ಬರೆದಿದ್ದರು. ಪರವಾಗಿಲ್ಲ, ಅವರು ಕನಿಷ್ಠ ಓದಿ ಬೈದರು.

ಓದಿ ಬೈಯುವವರೂ ಇಲ್ಲದ್ದರಿಂದ ನಮಗೆ ಈ ಕೆಲಸಕ್ಕೆ ಮಾತುಗಳೇ ಬೆಳೆದಿಲ್ಲ. "ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ", "ರೋಚಕ", "ತುದಿಗಾಲಲ್ಲಿ ನಿಲ್ಲಿಸುತ್ತದೆ", ಇಷ್ಟರಲ್ಲೇ ಎಲ್ಲ ಪುಸ್ತಕಗಳೂ ಮುಗಿಯುತ್ತವೆ. ನೀವು ಕಳಿಸಿದ ವಿಮರ್ಶೆಯಲ್ಲಿ "ರೋಚಕ" ನಾಲ್ಕು ಸಲ ಇದೆ, ಎಣಿಸಿದೆ. ಅದನ್ನು ತೆಗೆದುಬಿಡಿ. ಆ ಜಾಗದಲ್ಲಿ ಊರು ಹೇಗೆ ಬಂದಿದೆ, ಮಾತು ಆ ಊರಿನದೇ ಹೌದಾ, ಸತ್ತವನಿಗಾಗಿ ಯಾರಾದರೂ ಅತ್ತರಾ, ತನಿಖೆ ಮಾಡುವವರಿಗೆ ಮನೆ, ಸಾಲ, ಮೊಣಕಾಲು ನೋವು ಏನಾದರೂ ಇದೆಯಾ ಅಂತ ಬರೆಯಿರಿ. ಗುಟ್ಟಿಗೆ ಧಕ್ಕೆ ಬಾರದೆ ಹೇಳಬಹುದಾದ ಮಾತು ಎಷ್ಟಿದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಗೆಳೆಯರ ಪುಸ್ತಕದ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ವಿಮರ್ಶೆ ಮಾಡಬೇಡಿ. ಮಾಡಲೇಬೇಕಾಗಿ ಬಂದರೆ ಗೆಳೆಯರು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ. ಅಚ್ಚಿಗೆ ಮೊದಲು ಹಸ್ತಪ್ರತಿ ಓದಿ ಸಲಹೆ ಕೊಟ್ಟಿದ್ದರಂತೂ ನೀವು ಆ ಕೊಲೆಯಲ್ಲಿ ಪಾಲುದಾರರು, ಪಂಚರಾಗಿ ಸಹಿ ಹಾಕುವಂತಿಲ್ಲ.

ಆ ಲೇಖಕರಿಗೆ ಒಂದು ಫೋನ್ ಮಾಡಿ ತಪ್ಪಾಯಿತು ಅಂದುಬಿಡಿ. ವಿಮರ್ಶೆಯ ಆ ಸಾಲು ತೆಗೆದು, "ಕೊನೆಯ ಪುಟ ಮುಗಿದ ಮೇಲೆ ಮೂರನೇ ಅಧ್ಯಾಯಕ್ಕೆ ವಾಪಸ್ ಹೋದೆ" ಅಂತ ಬರೆಯಬೇಡಿ, ಅದೂ ಗುಟ್ಟೇ. "ಎರಡನೇ ಸಲ ಓದಿದಾಗ ಇನ್ನೂ ಇಷ್ಟವಾಯಿತು" ಅಂದರೆ ಸಾಕು, ಅದು ನಿಜವಾಗಿದ್ದರೆ. ಅಂದ ಹಾಗೆ ಆ ಕಾದಂಬರಿ ನನ್ನ ಮೇಜಿನ ಮೇಲೇ ಇದೆ, ಇನ್ನೂ ಓದಿಲ್ಲ. ತಿರುವು ಇದೆ ಅಂತ ಈಗ ನಿಮ್ಮ ಪತ್ರದಿಂದ ಗೊತ್ತಾಗಿಬಿಟ್ಟಿತು. ಕಪಾಟಿನ ಮೇಲಿನ ಅರೆಗೆ ಹಾಕಿದ್ದೇನೆ. ಮಳೆಗಾಲ ಕಳೆಯಲಿ, ಮರೆತ ಮೇಲೆ ಓದುತ್ತೇನೆ.